ಒಳಗೆ ಒಂದು ಹಿಡಿ ಭತ್ತ ಇತ್ತು

ನೌಕರಿಯಲ್ಲಿದ್ದಷ್ಟು ಕಾಲ ನಾನು ಕೆಂಪು ಶಾಯಿಯ ಪೆನ್ನು ಹಿಡಿದದ್ದು ಬಹಳ ಸಲ. ಹಿಡಿದಾಗಲೆಲ್ಲ ನಂಬರನ್ನು ಮೂರು ಮೂರು ಸಲ ಓದಿ ನೋಡುತ್ತಿದ್ದೆ. ನಮ್ಮ ದಾಖಲೆ ಪುಸ್ತಕದಲ್ಲಿ ಕೆಂಪು ಗೆರೆ ಎಳೆದರೆ ಆ ವಸ್ತು ಇನ್ನು ನಮ್ಮದಲ್ಲ ಎಂದು ಅರ್ಥ, ಮತ್ತು ಎಳೆದ ಗೆರೆಯನ್ನು ಅಳಿಸಲು ಬರುವುದಿಲ್ಲ. ಒಂದೇ ಒಂದು ಸಲ ಗೆರೆ ಎಳೆದ ಮೇಲೆ ಹಾಯಾಗಿ ಕುರ್ಚಿಗೆ ಒರಗಿ, ಚಹಾ ತರಿಸಿಕೊಂಡು ಕುಡಿದೆ. ಆ ಗೆರೆಯ ಕಥೆ ಹೇಳುತ್ತೇನೆ.

ನಾನಿದ್ದದ್ದು ಬೆಳಗಾವಿಯ ಒಂದು ಶಿಕ್ಷಣ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿ. ಹೆಸರು ಮಾತ್ರ ದೊಡ್ಡದು. ಇದ್ದದ್ದು ಉದ್ದನೆಯ ಒಂದು ಹಾಲು, ಗಾಜಿನ ಕಪಾಟುಗಳು, ಬಾಗಿಲಲ್ಲಿ ಒಬ್ಬ ಸಿಪಾಯಿ, ಒಳಗೆ ಸಹಾಯಕಿಯಾಗಿ ನಾನು. ಹಳ್ಳಿಗಳಿಂದ ಹಳೆಯ ಸಾಮಾನು ತರುವುದು, ಅದನ್ನು ತೊಳೆಯುವುದು, ತಳಕ್ಕೆ ಕೆಂಪು ಬಣ್ಣದಲ್ಲಿ ನಂಬರು ಬರೆಯುವುದು, ಪುಸ್ತಕದಲ್ಲಿ ಏರಿಸುವುದು ಎಲ್ಲವೂ ನನ್ನ ಕೆಲಸವೇ. ನನಗೆ ಎರಡು ಜಂಬಗಳಿದ್ದವು. ಒಂದು ನನ್ನ ದುಂಡನೆಯ ಅಕ್ಷರ, ಇನ್ನೊಂದು ನನ್ನ ಸ್ವಚ್ಛತೆ. ಕಪಾಟಿನ ಗಾಜಿನ ಮೇಲೆ ಯಾರಾದರೂ ಬೆರಳು ಊರಿದರೆ ನನ್ನ ಕೋಪ ಮೂಗಿನ ತುದಿಗೆ ಬರುತ್ತಿತ್ತು. ಸಾಲೆ ಹುಡುಗರು ನನ್ನನ್ನು ಕಂಡರೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು.

ಹೊಸ ಶತಮಾನ ಬಂತೆಂದು ಎಲ್ಲರಿಗೂ ಕಂಪ್ಯೂಟರಿನ ಹುಚ್ಚು ಹಿಡಿದಿದ್ದ ಕಾಲ ಅದು. ಸಂಸ್ಥೆಗೂ ಹಿಡಿಯಿತು. ಕಂಪ್ಯೂಟರ್ ಕ್ಲಾಸಿಗೆ ಉದ್ದನೆಯ ಹಾಲು ಬೇಕು, ಅಂಥ ಹಾಲು ಇದ್ದದ್ದು ನಮ್ಮದೊಂದೇ. ಹಿಂದಿನ ಕಟ್ಟಡದ ಎರಡು ಕೋಣೆಗಳಿಗೆ ನಾವು ಸರಿಯಬೇಕೆಂದು ಪತ್ರ ಬಂತು. ಅಲ್ಲಿ ನಮ್ಮ ಸಾಮಾನಿನ ಅರ್ಧವೂ ಹಿಡಿಸುವಂತಿರಲಿಲ್ಲ. ಆಫೀಸಿನಿಂದ ಬಂದವರೊಬ್ಬರು ಹಾಲಿನಲ್ಲಿ ಒಂದು ಸುತ್ತು ಹಾಕಿ, "ಅದಕ್ಕೇನ್ರೀ, ಗುಜರಿಯವರನ ಕರೀರಿ. ಒಂದ ಟೆಂಪೋದಾಗ ಮುಗೀತದ," ಎಂದರು. ಅವರಿಗೆಂದು ಚಹಾ ತರಿಸಿದ್ದೆ. ಕೊಡಲಿಲ್ಲ, ನಾನೇ ಕುಡಿದೆ.

ಪುಣ್ಯಕ್ಕೆ ಗುಜರಿಯವನ ಬದಲು ಸಮಿತಿ ಬಂತು. ಮೂರೇ ಜನ. ಅಧ್ಯಕ್ಷರು ಇತಿಹಾಸ ಕಲಿಸಿ ನಿವೃತ್ತರಾದ ಮೇಷ್ಟರು, ಹಣೆಯ ಮೇಲೆ ಮೂರು ಬೆರಳ ವಿಭೂತಿ, ಮಾತಿಗೆ ಮೊದಲು ಕನ್ನಡಕ ಒರೆಸುವ ಅಭ್ಯಾಸ. ಎಲ್ಲರಿಗೂ ಅವರು ಸರ್. ಎರಡನೆಯವರು ಸಂಸ್ಥೆಯ ಸದಸ್ಯರು, ರವಿವಾರ ಪೇಟೆಯಲ್ಲಿ ಧಾನ್ಯದ ಅಂಗಡಿ ಇದ್ದ ಸಾಹುಕಾರರು. ಮೂರನೆಯವಳು ನಾನು. ಶನಿವಾರ ಮಧ್ಯಾಹ್ನ ಸಾಲೆ ಬಿಟ್ಟ ಮೇಲೆ ಸೇರುತ್ತಿದ್ದೆವು.

ಮೊದಲ ದಿನವೇ ಸರ್ ಹೇಳಿದರು: "ಸಾಮಾನ ಒಳಗ ತರೂ ಮುಂದ ಯಾರೂ ಪ್ರಶ್ನೆ ಕೇಳೂದಿಲ್ಲ. ಹೊರಗ ಕಳಸೂ ಮುಂದ ಎಲ್ಲಾ ಕೇಳಬೇಕಾಗ್ತದ." ಅವರು ಕೇಳುತ್ತಿದ್ದ ಪ್ರಶ್ನೆಗಳು ಸರಳವೇ. ಇದು ಖಂಡಿತ ನಮ್ಮದೇ? ಇಂಥದ್ದೇ ಇನ್ನೊಂದು ನಮ್ಮಲ್ಲಿದೆಯೇ? ಇದನ್ನು ನೋಡಿಕೊಳ್ಳುವ ತಾಕತ್ತು ನಮಗಿದೆಯೇ? ಇಲ್ಲವಾದರೆ ಯಾರಿಗಿದೆ? ಉತ್ತರವನ್ನು ಕಾರಣಸಮೇತ ಬರೆದು ಮೂವರೂ ಸಹಿ ಹಾಕಬೇಕು. ಮಾರಿ ಫ್ಯಾನು, ಕುರ್ಚಿ ಕೊಳ್ಳುವಂತಿಲ್ಲ. ಸಮಿತಿಯವರ ಮನೆಗಾಗಲಿ ಅವರ ನೆಂಟರ ಮನೆಗಾಗಲಿ ಏನೂ ಹೋಗುವಂತಿಲ್ಲ. ಈ ಕೊನೆಯ ಮಾತು ಬಂದಾಗ ಸಾಹುಕಾರರು ಮೂಲೆಯಲ್ಲಿದ್ದ ಹಿತ್ತಾಳೆಯ ದೊಡ್ಡ ದೀಪದ ಸಮೆಯನ್ನು ಒಮ್ಮೆ ನೋಡಿ ನಿಟ್ಟುಸಿರು ಬಿಟ್ಟರು.

ಇರುವ ವಸ್ತುವಿಗೆ ಬಿಳಿ ದಾರ, ಹೋಗುವುದಕ್ಕೆ ಹಳದಿ ದಾರ ಕಟ್ಟುತ್ತ ಹೋದೆವು. ಒಂದೇ ತೆರನ ಹನ್ನೊಂದು ಪೀಕದಾನಿಗಳಿದ್ದವು. ಯಾವ ವಾಡೆಯವರು ಅಷ್ಟು ಉಗುಳಿದರೋ ಗೊತ್ತಿಲ್ಲ. ಎರಡನ್ನಿಟ್ಟುಕೊಂಡು ಉಳಿದವನ್ನು ಬೇರೆ ಊರಿನ ಸಂಗ್ರಹಾಲಯಗಳಿಗೆ ಕೊಡುವುದೆಂದು ಬರೆದೆವು. ವೀರರ ಖಡ್ಗವೆಂದು ನಾನು ವರ್ಷಗಟ್ಟಲೆ ಮಕ್ಕಳಿಗೆ ತೋರಿಸುತ್ತಿದ್ದದ್ದು ನಾಟಕದವರ ತಗಡಿನ ಕತ್ತಿ ಎಂದು ಸರ್ ಒಂದೇ ನಿಮಿಷದಲ್ಲಿ ಹೇಳಿದರು. ನಾನು ಸೀರೆ ಸೆರಗು ಸರಿಮಾಡಿಕೊಂಡೆ. ಬೀಸುಕಲ್ಲಿನ ಎರಡು ಕಲ್ಲುಗಳು ಎರಡು ಬೇರೆ ನಂಬರುಗಳಲ್ಲಿದ್ದವು. ಸಾಹುಕಾರರು, "ಎರಡೂ ಒಂದ ಥರಾ ಅದಾವಲ್ರಿ, ಒಂದ ತಗದ ಬಿಡ್ರಿ," ಎಂದರು. ಸರ್ ಕನ್ನಡಕ ಒರೆಸುತ್ತ, "ನಿಮ್ಮ ತಾಯಿ ಒಂದ ಕಲ್ಲಿನ್ಯಾಗ ಬೀಸ್ತಿದ್ರೇನ್ರಿ?" ಎಂದು ಕೇಳಿದರು. ನಂಬರು ಕೊಟ್ಟವಳು ನಾನೇ ಆದ್ದರಿಂದ ನಾನು ನಗಲಿಲ್ಲ.

ಯಾವ ಚರ್ಚೆಯೂ ಇಲ್ಲದೆ ಬಿಳಿ ದಾರ ಕಟ್ಟಿಸಿಕೊಂಡದ್ದು ಒಂದು ಕೊಳಗ. ಕಣದಲ್ಲಿ ಭತ್ತ ಅಳೆಯುವ ಕೊಳಗ, ಹಲಸಿನ ಒಂದೇ ತುಂಡಿನಿಂದ ಕೊರೆದದ್ದು, ಸುತ್ತ ಮೂರು ಹಿತ್ತಾಳೆ ಪಟ್ಟಿ. ತುಂಬಿದ ಭತ್ತವನ್ನು ಕೈಯಿಂದ ಸಮ ಮಾಡಿ ಮಾಡಿ ಬಾಯಿಯ ಅಂಚು ಒಂದು ಕಡೆ ಸವೆದು ತಗ್ಗಾಗಿತ್ತು. ಸರ್‌ಗೆ ಆ ತಗ್ಗಿನ ಮೇಲೆ ಪ್ರಾಣ. ದಾರವನ್ನು ತಾವೇ ಕಟ್ಟಿದರು. "ಇದನ್ನ ಬಾಗಿಲಾಗ ಇಡೂಣು ತಂಗಿ. ಬಂದವರು ಮೊದಲ ಇದನ್ನ ನೋಡಲಿ," ಎಂದರು. ಸಂಗ್ರಹಾಲಯಕ್ಕೆ ನಾನು ತಂದ ಮೊದಲ ವಸ್ತು ಅದು. ಹೊಗಳಿಕೆ ನನಗೇ ಸಂದ ಹಾಗೆ ಉಬ್ಬಿಹೋದೆ.

ಅದರ ಮರುವಾರ, ದೀಪಾವಳಿ ಮುಗಿದು ಭತ್ತ ಕೊಯ್ಲಿಗೆ ಬರುವ ಹೊತ್ತಿಗೆ, ಒಬ್ಬರು ಬಂದರು. ಐವತ್ತರ ಆಸುಪಾಸು, ಬಿಳಿ ಟೋಪಿ, ಕಂಕುಳಲ್ಲಿ ಮಡಚಿದ ಚೀಲ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು.

"ನಮಸ್ಕಾರ್ರೀ ಅಕ್ಕಾರ. ಖಾನಾಪುರ ಕಡಿಯಿಂದ ಬಂದೇನ್ರಿ. ಕೊಳಗ ಒಯ್ಯಾಕ."

"ಯಾವ ಕೊಳಗ?"

"ನಮ್ಮದರಿ. ಹನ್ನೆರಡ ವರ್ಷದ ಹಿಂದ ನಮ್ಮವ್ವ ನಿಮ್ಮ ಕೈಯಾಗ ಕೊಟ್ಟಿದ್ಲಲ್ರಿ."

ನಿನ್ನೆ ಮರೆತು ಹೋದ ಕೊಡೆಯನ್ನು ಕೇಳುವ ಹಾಗಿತ್ತು ಅವರ ದನಿ. ನನಗೆ ರೇಗಿತು. "ಇಲ್ಲಿ ಒಳಗ ಬಂದಿದ್ದು ಹಂಗ ಹೊರಗ ಹೋಗೂದಿಲ್ರಿ. ಇದೇನ್ ಇಸ್ತ್ರಿ ಅಂಗಡಿ ಅಲ್ಲ," ಎಂದೆ. ಅವರು ಸಿಟ್ಟಾಗಲಿಲ್ಲ. ಬೆಂಚಿನ ತುದಿಯಲ್ಲಿ ಕೂತು, ಚೀಲವನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಹೇಳತೊಡಗಿದರು.

ಅವರು ಹಿರಿಯ ಮಗ. ತಂದೆ ತೀರಿದ ವರ್ಷ, ಸುಗ್ಗಿಯ ಕಣದಲ್ಲಿ, ಕೊಳಗ ಹಿಡಿದು ಅಳೆಯುವವರು ಯಾರು ಎಂಬ ಮಾತಿಗೆ ಅಣ್ಣ ತಮ್ಮಂದಿರಲ್ಲಿ ಜಗಳ ಬಿತ್ತು. ಕೊಳಗ ಹಿಡಿದವನು ಮನೆಯ ಯಜಮಾನ. ಇಬ್ಬರೂ ಎರಡು ಕಡೆಯಿಂದ ಹಿಡಿದು ಎಳೆದರು. ತಾಯಿ ನಡುವೆ ಬಂದು ಕೊಳಗ ಕಿತ್ತುಕೊಂಡು, ರಾಶಿಯಿಂದ ಒಂದು ಹಿಡಿ ಭತ್ತ ತೆಗೆದು ಅದರಲ್ಲಿ ಹಾಕಿ, ಒಳಗೆ ಒಯ್ದಿಟ್ಟಳು. ಅವರ ಕಡೆ ಹಾಗೊಂದು ರೂಢಿ. ಮನೆ ಒಡೆದಾಗ ಕೊಳಗವನ್ನು ಯಾರ ಪಾಲಿಗೂ ಹಾಕುವುದಿಲ್ಲ. ಒಂದು ಹಿಡಿ ಭತ್ತ ಹಾಕಿ ಮೂರನೆಯವರ ಮನೆಯಲ್ಲಿ ಕಾಯಲು ಇಡುತ್ತಾರೆ. ಮನಸ್ಸು ಕೂಡಿದ ದಿನ ತಿರುಗಿ ತರುತ್ತಾರೆ.

"ಊರಾಗ ಅರ್ಧಾ ಮಂದಿ ನನ್ನ ಕಡೀಗಿ, ಅರ್ಧಾ ಮಂದಿ ತಮ್ಮನ ಕಡೀಗಿ. ಯಾರ ಮನ್ಯಾಗ ಇಡೂದು ಅಂತ ಅವ್ವ ವಿಚಾರ ಮಾಡಾಕತ್ತಿದ್ಲು. ಆವಾಗ ನೀವು ಜೀಪಿನ್ಯಾಗ ಬಂದ್ರಿ. ನೀವು ಯಾರ ಕಡೀಗೂ ಅಲ್ಲಲ್ರಿ."

ನನಗೆ ಆ ಅಂಗಳ ಕಣ್ಣ ಮುಂದೆ ಬಂತು. ನೌಕರಿಯ ಮೊದಲ ವರ್ಷ, ಕಣಕುಂಬಿಗೆ ಹೋಗುವ ರಸ್ತೆಯ ಬದಿಯ ಆ ಊರು. ಅಂಗಳದ ಆ ತುದಿಗೆ ಒಬ್ಬ, ಈ ತುದಿಗೆ ಒಬ್ಬ ನಿಂತಿದ್ದರು. ಪಟ್ಟಣದ ಹೆಣ್ಣುಮಗಳನ್ನು ಕಂಡು ನಾಚಿಕೊಂಡಿದ್ದಾರೆ ಎಂದುಕೊಂಡಿದ್ದೆ! ಹಳೆಯ ಸಾಮಾನು ಏನಾದರೂ ಇದ್ದರೆ ಜೋಪಾನವಾಗಿ ಇಡುತ್ತೇವೆ ಎಂದು ನಾನು ಹೇಳಿ ಮುಗಿಸುವ ಮೊದಲೇ ಅವರ ತಾಯಿ, ಆ ಆಯಿ, ಕೊಳಗ ತಂದು ನನ್ನ ಕೈಯಲ್ಲಿಟ್ಟಿದ್ದಳು. ಎಷ್ಟು ಉದಾರ ಮನಸ್ಸು ಎಂದು ಬೆರಗಾಗಿದ್ದೆ. ದಾನಪತ್ರದ ಅಚ್ಚಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡೆ. ಓದಿ ಹೇಳಲಿಲ್ಲ. ಜೀಪಿನವನು ಹಾರ್ನ್ ಹೊಡೆಯುತ್ತಿದ್ದ.

ಈಗ ಆ ಕಾಗದವನ್ನೇ ಕಪಾಟಿನಿಂದ ತೆಗೆದು ಅವರ ಮುಂದೆ ಹಿಡಿದೆ. ಅವರು ಹೆಬ್ಬೆಟ್ಟಿನ ಗುರುತನ್ನು ಬಹಳ ಹೊತ್ತು ನೋಡಿದರು.

"ಅವ್ವಂದ ಖರೇ," ಎಂದರು. ಆಮೇಲೆ ತಲೆ ಎತ್ತಿ, "ಒಳಗ ಭತ್ತ ಇತ್ತಲ್ರಿ?" ಎಂದು ಕೇಳಿದರು.

ಇತ್ತು. ನಮ್ಮ ಕಡೆ ಯಾವ ಮನೆಯವರೂ ಪಾತ್ರೆಯನ್ನು ಖಾಲಿ ಕೊಡುವುದಿಲ್ಲ. ಬಾಜೂ ಮನೆಗೆ ಡಬ್ಬಿ ತಿರುಗಿ ಕೊಡುವಾಗಲೂ ನಾಲ್ಕು ಕಾಳು ಸಕ್ಕರೆಯಾದರೂ ಹಾಕುತ್ತೇವೆ. ಇದೂ ಅಂಥ ಮರ್ಯಾದೆ ಎಂದು ತಿಳಿದು, ಹಾಲಿಗೆ ತಂದ ದಿನವೇ ಆ ಭತ್ತವನ್ನು ಕಿಟಕಿಯಿಂದ ಹೊರಗೆ ಚೆಲ್ಲಿದ್ದೆ. ಗುಬ್ಬಿಗಳು ಬಂದು ತಿಂದಿದ್ದವು.

"ಕಾಯಂ ಕೊಡೂದಿದ್ರ ಹಂಗ ಕೊಡೂದಿಲ್ರಿ," ಎಂದು ಅವರು ತಾವಾಗಿಯೇ ಹೇಳಿದರು. "ತೊಳದು, ನಾಕ ಮಂದಿ ಮುಂದ ಬೋರಲ ಹಾಕಿ, ಒಳಗ ಏನೂ ಇಲ್ಲ ಅಂತ ತೋರ್ಸಿ ಕೊಡತೀವಿ. ಭತ್ತ ಇದ್ರ ಅದು ಕಾಯಾಕ ಕೊಟ್ಟಂಗ."

ಹನ್ನೆರಡು ವರ್ಷ ಇಬ್ಬರೂ ಬೇರೆ ಬೇರೆ ಕಣ ಮಾಡಿ, ತಗಡಿನ ಡಬ್ಬಿಯಿಂದ ಅಳೆದುಕೊಂಡರಂತೆ. ಕಳೆದ ಮಳೆಗಾಲದಲ್ಲಿ ಹಳ್ಳ ಬಂದು ಅಣ್ಣನ ಗದ್ದೆಯ ಒಡ್ಡು ಒಡೆಯಿತು. ತಮ್ಮ ಕರೆಯದೆ ಬಂದು, ಗುದ್ದಲಿ ಹಿಡಿದು, ಮಾತಿಲ್ಲದೆ ಜೊತೆಗೆ ನಿಂತು ಕಟ್ಟಿದ. ಒಡ್ಡು ಮುಗಿದ ಮೇಲೆ ಇಬ್ಬರೂ ಕೂತು ಚಹಾ ಕುಡಿದರು. ಅಷ್ಟೇ. ಈ ಸಲ ಒಂದೇ ಕಣ ಎಂದು ಠರಾಯಿಸಿದ್ದಾರೆ. ಆದರೆ ತಾಯಿ ಹಟ ಹಿಡಿದಿದ್ದಾಳೆ.

"ಕೊಳಗ ಬಂದ ಹೊರತು ರಾಶಿಗೆ ಕೈ ಹಚ್ಚಬ್ಯಾಡ್ರಿ ಅಂತಾಳ್ರಿ. ತಗಡಿನ ಡಬ್ಬ್ಯಾಗ ಅಳದ್ರ ಮತ್ತ ಒಡೀತೀರಿ ಅಂತಾಳ. ಕಣ್ಣ ಮಂಜಾಗ್ಯಾವ್ರಿ ಅಕಿಗೆ. ಈ ಸುಗ್ಗಿ ನೋಡಿದ್ರ ಸಾಕು ಅಂತ ಕುಂತಾಳ." ಅವರು ಎದ್ದು ಚೀಲವನ್ನು ಮತ್ತೆ ಕಂಕುಳಿಗೆ ಇರುಕಿಕೊಂಡರು. "ಅವ್ವಗ ಏನಂತ ಹೇಳ್ಲ್ರಿ?"

"ಹತ್ತ ದಿವಸ ತಡೀರಿ ಅಂತ ಹೇಳ್ರಿ," ಎಂದೆ.

ಅವರು ಹೋದ ಮೇಲೆ ದಾಖಲೆ ಪುಸ್ತಕ ತೆಗೆದೆ. ವಸ್ತು ಬಂದಾಗ ಹೇಗಿತ್ತು ಎಂದು ಬರೆಯುವ ಕೊನೆಯ ಅಂಕಣದಲ್ಲಿ, ನನ್ನ ದುಂಡನೆಯ ಅಕ್ಷರದಲ್ಲಿ, ಹೀಗಿತ್ತು: "ಅಂಚು ಒಂದು ಬದಿ ಸವೆದಿದೆ. ಒಳಗೆ ಒಂದು ಹಿಡಿ ಭತ್ತ ಇತ್ತು, ತೆಗೆದು ಸ್ವಚ್ಛಗೊಳಿಸಲಾಗಿದೆ." ಹೊಸ ನೌಕರಿಯ ಹುರುಪಿನಲ್ಲಿ, ನಾನೆಷ್ಟು ಶುದ್ಧವಾಗಿ ಕೆಲಸ ಮಾಡುತ್ತೇನೆ ಎಂದು ತೋರಿಸಲು ಬರೆದ ಸಾಲು. ಹನ್ನೆರಡು ವರ್ಷ ಅದನ್ನು ಯಾರೂ ಓದಿರಲಿಲ್ಲ.

ಸುಳ್ಳು ಹೇಳುವುದಿಲ್ಲ, ಪುಸ್ತಕ ಮುಚ್ಚಿಟ್ಟು ಸುಮ್ಮನಿದ್ದುಬಿಡೋಣ ಅನ್ನಿಸಿತು. ಹೆಬ್ಬೆಟ್ಟಿನ ಕಾಗದ ಇತ್ತು. ಕೊಳಗಕ್ಕೆ ಬಿಳಿ ದಾರ ಕಟ್ಟಿಯಾಗಿತ್ತು. ಬಾಯಿ ಬಿಟ್ಟರೆ ಅಕ್ಷರ ಬಾರದ ಮುದುಕಿಯಿಂದ ಕಾಗದ ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಿಕೊಂಡವಳು ಎಂದು ನನ್ನ ಹೆಸರಿಗೆ ಮಸಿ. ಹೊಸ ಜಾಗಕ್ಕೆ ಸಹಾಯಕಿಯೂ ಬೇಡ ಎಂದು ಆಫೀಸಿನವರು ಮೊದಲೇ ಗೊಣಗುತ್ತಿದ್ದರು. ಅವರಿಗೆ ನಾನೇ ನೆಪ ಕೊಟ್ಟ ಹಾಗಾಗುತ್ತಿತ್ತು.

ಅನಗೋಳದ ನಮ್ಮ ಮನೆಯಲ್ಲಿ ಭಾನುವಾರ ಅವ್ವ ಅಕ್ಕಿ ಆರಿಸುತ್ತ ಕೂತಿದ್ದಳು. ಯಾರದೋ ಕಥೆ ಎಂಬಂತೆ ಎಲ್ಲವನ್ನೂ ಹೇಳಿದೆ. ಅವಳು ಮೊರದಿಂದ ತಲೆ ಎತ್ತದೆ, "ಆ ಭತ್ತ ಚೆಲ್ಲಿದಕಿ ನೀನ ಹೌದಲ್ಲ?" ಎಂದಳು. ಹೌದು ಎಂದೆ. "ಊರ ಮಂದೀಗೆಲ್ಲ ಸ್ವಚ್ಛತಾ ಕಲಸ್ತಿ," ಎಂದಳು, ಅಷ್ಟೇ. ನನ್ನ ಅವ್ವ ಉದ್ದ ಬೈಯುವವಳಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಎದ್ದು ಹೋಗಿ, ಒಗೆದು ಒಣಗಿದ್ದ ಬಟ್ಟೆಯನ್ನೇ ಮತ್ತೆ ನೆನೆಹಾಕಿದೆ.

ಮುಂದಿನ ಶನಿವಾರ ಸಭೆ ಶುರುವಾಗುವ ಮೊದಲೇ, ಧೈರ್ಯ ಆರಿಹೋಗುವ ಮುಂಚೆ ಒದರಿಬಿಟ್ಟೆ. ಕೊಳಗವನ್ನು ತೆಗೆಯಬೇಕು ಎಂದೆ. ಹಿರಿಯ ಮಗ ಬಂದದ್ದು, ರೂಢಿಯ ಮಾತು, ಓದಿ ಹೇಳದ ಕಾಗದ, ಎಲ್ಲ.

ಸಾಹುಕಾರರು ತಲೆ ಅಲ್ಲಾಡಿಸಿದರು. "ಹೆಬ್ಬಟ್ಟ ಐತಿ, ಕಾಗದ ಐತಿ, ಮುಗೀತಲ್ರಿ. ಕೊಟ್ಟವರೆಲ್ಲಾ ತಿರುಗಿ ಬಂದ್ರ ನಾವು ಖಾಲಿ ಕಪಾಟ ತೋರಸೂದೇನು?"

ಸರ್ ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸಿದರು, ಒರೆಸಿದರು. "ಕನಿಕರಕ್ಕ ಕೊಡಾಕ ಬರೂದಿಲ್ಲ ತಂಗಿ," ಎಂದರು. "ಇವತ್ತ ಇವರಿಗೆ ಕೊಟ್ರ, ನಾಳೆ ಬ್ಯಾರೆ ಯಾರೋ ಬಂದು ಅತ್ತು ಕೇಳ್ತಾರ. ಖರೇ ಯಾವುದು, ಸುಳ್ಳ ಯಾವುದು ಹೆಂಗ ತಿಳೀಬೇಕು? ಅವರ ಮಾತ ಬಿಟ್ರ ಏನರ ಆಧಾರ ಐತೇನು?"

ನಾನು ಪುಸ್ತಕ ತೆರೆದು ಅವರ ಮುಂದೆ ಇಟ್ಟು, ಆ ಸಾಲಿನ ಮೇಲೆ ಬೆರಳಿಟ್ಟೆ. ಸರ್ ಅದನ್ನು ಗಟ್ಟಿಯಾಗಿ ಓದಿದರು: "ಒಳಗೆ ಒಂದು ಹಿಡಿ ಭತ್ತ ಇತ್ತು."

"ಯಾರ ಅಕ್ಷರ ಇದು?"

"ನಂದರಿ ಸರ್."

"ಯಾವಾಗ ಬರದದ್ದು?"

"ತಂದ ದಿವಸಾನ. ಭತ್ತ ಹಾಕಿದ್ರ ಏನ್ ಅರ್ಥ ಅಂತ ನನಗ ಆವಾಗ ಗೊತ್ತಿರಲಿಲ್ರಿ."

"ಗೊತ್ತಿರಲಿಲ್ಲ ಅಂತನ ಇದು ಸಾಕ್ಷಿ," ಎಂದರು ಸರ್. ಪುಸ್ತಕವನ್ನು ಸಾಹುಕಾರರ ಕಡೆ ತಿರುಗಿಸಿದರು. "ನೋಡ್ರಿ, ಆ ತಾಯಿಗೆ ಓದಾಕ ಬರೂದಿಲ್ಲ. ಅಕಿ ತನ್ನ ಕಾಗದಾ ಕೊಳಗದಾಗ ಹಾಕಿ ಕೊಟ್ಟಾಳ. ಇಕಿಗೆ ಅದನ್ನ ಓದಾಕ ಬರಲಿಲ್ಲ. ಆದ್ರ ನಕಲ ಮಾಡಿ ಇಟ್ಟಾಳ."

ನನಗೆ ಅಳು ಬಂತು. ನಾನು ಸುಲಭಕ್ಕೆ ಅಳುವವಳಲ್ಲ, ಅಳುವವರನ್ನು ಕಂಡರೆ ಸಿಡುಕುವವಳು. ಎದ್ದು ಕಿಟಕಿಯ ಬಳಿ ಹೋಗಿ ಗಾಜು ಒರೆಸುವ ನಾಟಕ ಮಾಡಿದೆ. ನಾನು ಹೆದರಿದ್ದ ಸಾಲೇ ನನ್ನನ್ನು ಕಾಯ್ದಿತ್ತು.

ಆದರೂ ಸರ್ ಅಷ್ಟಕ್ಕೆ ಬಿಡುವವರಲ್ಲ. ರೂಢಿ ಇದೆಯೋ ಇಲ್ಲವೋ ಎಂದು ಆ ಊರಿಗೇ ಹೋಗಿ, ಆ ಮನೆಗೆ ಸಂಬಂಧವಿಲ್ಲದ ಒಬ್ಬರ ಬಾಯಿಂದ ಕೇಳಬೇಕು ಎಂದರು. ಹೌದೆಂದರೆ ಅಲ್ಲೇ ಕೊಟ್ಟು ಬರುವುದು, ಇಲ್ಲವೆಂದರೆ ಕೊಳಗ ತಿರುಗಿ ಬೆಳಗಾವಿಗೆ. ಹಾಗೆ ಬರೆದು ಮೂವರೂ ಸಹಿ ಹಾಕಿದೆವು. ಸಾಹುಕಾರರು ಸಹಿ ಹಾಕಿ ಪೆನ್ನು ಮುಚ್ಚದೆ ಕೂತಿದ್ದರು. ಅವರ ಅಂಗಡಿಯ ನಟ್ಟನಡುವೆ ಕೆಲವು ವರ್ಷಗಳ ಹಿಂದೆ ಗೋಡೆ ಎದ್ದು, ಆಚೆ ಅಣ್ಣ, ಈಚೆ ಇವರು ಆದದ್ದು ಪೇಟೆಗೆಲ್ಲ ಗೊತ್ತಿತ್ತು. ಮರುದಿನ ಬೆಳಿಗ್ಗೆ ಸರ್ ಮತ್ತು ನಾನು ಹೊರಟಾಗ ಸಾಹುಕಾರರ ಆಳು ಬಸ್ ಸ್ಟ್ಯಾಂಡಿಗೆ ಒಂದು ಕಾಗದದ ಪೊಟ್ಟಣ ತಂದುಕೊಟ್ಟ. ಅದರಲ್ಲಿ ಭತ್ತವಿತ್ತು. "ಖಾಲಿ ಒಯ್ಬ್ಯಾಡ್ರಿ ಅಂತ ಹೇಳ್ಯಾರ್ರಿ," ಎಂದ.

ಖಾನಾಪುರದವರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಕೊಳಗ ನನ್ನ ತೊಡೆಯ ಮೇಲೆ, ಬಾಯಿ ತೆರೆದ ಚೀಲದಲ್ಲಿ. ಸರ್ ಕಿಟಕಿಯ ಬದಿಗೆ ಕೂತು ಆಗಾಗ ಅದರ ತಗ್ಗಾದ ಅಂಚನ್ನು ಬೆರಳಿಂದ ಸವರುತ್ತಿದ್ದರು. ಅವರಿಗೂ ಬಿಟ್ಟುಕೊಡಲು ಕಷ್ಟ ಎಂದು ಆಗ ತಿಳಿಯಿತು. "ಬಾಗಿಲಾಗ ಏನ ಇಡೂಣ್ರಿ ಸರ್ ಇನ್ನ?" ಎಂದೆ. "ಪೀಕದಾನಿ ಇಡು," ಎಂದರು.

ಊರ ಮುಂದೆ ಒಂದು ಚಹಾದ ಅಂಗಡಿ. ಸರ್ ಎರಡು ಚಹಾ ಹೇಳಿ, ಕೊಳಗವನ್ನು ಚೀಲದಲ್ಲೇ ಇಟ್ಟು, ಅಂಗಡಿಯ ಮುದುಕನನ್ನು ಕೇಳಿದರು: "ಅಜ್ಜಾ, ನಿಮ್ಮ ಕಡೆ ಕೊಳಗದಾಗ ಭತ್ತ ಹಾಕಿ ಕೊಟ್ರ ಏನ್ ಅರ್ಥ?"

ಮುದುಕ ಚಹಾ ಸೋಸುವುದನ್ನು ನಿಲ್ಲಿಸಿ ಸರ್ ಅವರನ್ನು ಮೇಲಿಂದ ಕೆಳಗೆ ನೋಡಿದ. "ಅದೇನ್ ಕೇಳ್ತೀರಿ? ಕಾಯಾಕ ಕೊಟ್ಟಂಗ. ಸಣ್ಣ ಹುಡುಗೂರ್ಗೂ ಗೊತ್ತೈತಿ."

ಸರ್ ನನ್ನ ಕಡೆ ನೋಡಿದರು. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಆ ಚಹಾಕ್ಕೆ ಸಕ್ಕರೆಯೇ ಹಾಕಿರಲಿಲ್ಲ ಎಂದು ಸರ್ ಆಮೇಲೆ ಎಷ್ಟೋ ಸಲ ಹೇಳುತ್ತಿದ್ದರು. ನನಗೆ ಅದು ಗೊತ್ತೇ ಆಗಲಿಲ್ಲ.

ಕಣದಲ್ಲಿ ಭತ್ತದ ರಾಶಿ ಬಿದ್ದಿತ್ತು, ಒಂದೇ ರಾಶಿ. ಅಣ್ಣ ತಮ್ಮ ಇಬ್ಬರೂ ಪಕ್ಕದಲ್ಲೇ ನಿಂತಿದ್ದರು, ಈ ಸಲ ಒಂದೇ ಬದಿಗೆ. ಆಯಿ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಚಹಾದ ಅಂಗಡಿ ಬಿಡುವಾಗಲೇ ಸಾಹುಕಾರರ ಭತ್ತವನ್ನು ಕೊಳಗಕ್ಕೆ ಹಾಕಿದ್ದೆ. ಅವಳ ತೊಡೆಯ ಮೇಲೆ ಇಟ್ಟೆ. ಅವಳು ಅಂಚಿನ ಸುತ್ತ ಬೆರಳಾಡಿಸಿ, ತಗ್ಗು ಸಿಕ್ಕ ಕಡೆ ಕೈ ನಿಲ್ಲಿಸಿದಳು. ಗಂಡನ ಕೈ ಸವೆಸಿದ ಜಾಗ ಅದು. ಆಮೇಲೆ ಒಳಗೆ ಕೈ ಹಾಕಿ ಒಂದು ಕಾಳು ತೆಗೆದು ಹಲ್ಲಿಗೆ ಹಾಕಿ ಕಡಿದಳು.

"ಇದು ನಮ್ಮ ಭತ್ತ ಅಲ್ಲ," ಎಂದಳು.

ಮಕ್ಕಳಿಬ್ಬರೂ ನೆಲ ನೋಡಿದರು. ಇಟ್ಟ ಕಾಳನ್ನೇ ತಿರುಗಿ ಕೊಡಬೇಕು ಎಂಬುದು ರೂಢಿಯ ಉಳಿದರ್ಧ ಎಂದು ಅವರ ಮುಖ ನೋಡಿಯೇ ತಿಳಿಯಿತು. ಪೇಟೆಯ ಭತ್ತ ಇಟ್ಟು ಅವಳ ಕಣ್ಣಿಗೆ ಮಣ್ಣೆರಚಲು ಬಂದವಳಂತೆ ನಿಂತಿದ್ದೆ. ಅವಳ ಮುಂದೆ ಕುಕ್ಕರಗಾಲಲ್ಲಿ ಕೂತೆ.

"ನಿಮ್ಮ ಭತ್ತ ನಾ ಚೆಲ್ಲೇನಿ ಆಯಿ. ತಂದ ದಿವಸಾನ ಚೆಲ್ಲೇನಿ. ನನಗ ತಿಳೀಲಿಲ್ಲ. ಕಿಟಕಿ ಹೊರಗ ಹಾಕಿದೆ, ಗುಬ್ಬಿ ತಿಂದ್ವು. ಕಾಗದಾನೂ ಓದಿ ಹೇಳ್ಲಿಲ್ಲ. ತಪ್ಪ ಆತು."

ಅವಳು ಮಂಜುಗಣ್ಣಿನಿಂದ ನನ್ನ ಮುಖವನ್ನು ಹುಡುಕಿದಳು. "ಗುಬ್ಬಿ ತಿಂದ್ವೇನು?"

"ಹೂಂ."

"ಒಂದ ಕಾಳೂ ಬಿಡಲಾರದ?"

"ಒಂದೂ ಬಿಡಲಿಲ್ಲ."

ಅವಳ ಬಾಯಿಯ ಸುತ್ತಲಿನ ನೆರಿಗೆಗಳು ಸಡಿಲಾದವು. "ಹನ್ನೆರಡ ವರ್ಷ ಇಟ್ಟಿದ್ರ ಹುಳಾ ಬಿದ್ದು ಹಿಟ್ಟ ಆಗ್ತಿತ್ತು. ಗುಬ್ಬಿ ಹೊಟ್ಟೀಗರ ಹೋತು, ಬೇಸ ಆತು ಬಿಡ ಮಗಾ," ಎಂದಳು. ಪೇಟೆಯ ಭತ್ತವನ್ನು ರಾಶಿಯ ಮೇಲೆ ಸುರಿಸಿದಳು. ಅದು ಅಲ್ಲೇ ಕಲೆತುಹೋಯಿತು. ಕೊಳಗವನ್ನು ಎತ್ತಿ, ಒಂದು ಕಡೆಯಿಂದ ಅಣ್ಣನ ಕೈಯನ್ನೂ ಇನ್ನೊಂದು ಕಡೆಯಿಂದ ತಮ್ಮನ ಕೈಯನ್ನೂ ಅದರ ಮೇಲೆ ಇಡಿಸಿದಳು. ಇಬ್ಬರೂ ಬಾಗಿ ತುಂಬಿದರು. ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. "ಲಾಭ," ಎಂದರು ಇಬ್ಬರೂ ಒಟ್ಟಿಗೆ. ತಮ್ಮನ ದನಿ ನಡುವೆ ಒಡೆಯಿತು. ಅಣ್ಣ ಮೂಗು ಒರೆಸಿಕೊಂಡರು. ಸರ್ ಕನ್ನಡಕ ತೆಗೆದು ಒರೆಸತೊಡಗಿದರು.

ಹೊರಡುವ ಹೊತ್ತಿಗೆ ಆಯಿ ನಮ್ಮನ್ನು ನಿಲ್ಲಿಸಿ ಒಳಗೆ ಹೋದಳು. ಬರುವಾಗ ಕೈಯಲ್ಲಿ ಹಳೆಯ ಮರದ ಸೇರು ಇತ್ತು, ಕೊಳಗದ ಮರಿಯಂಥ ಪುಟ್ಟ ಅಳತೆ. ಹಂಡೆಯ ಬಳಿ ಕೂತು, ನೀರು ಹಾಕಿ, ಒಳಗೆ ಹೊರಗೆ ತಿಕ್ಕಿ ತೊಳೆದಳು. ಸೆರಗಿನಿಂದ ಒರೆಸಿದಳು. ನಾನು ಏನು ನಡೆಯುತ್ತಿದೆ ಎಂದು ತಿಳಿದು ಚೀಲ ಕೆಳಗಿಟ್ಟು ಎರಡೂ ಕೈ ಖಾಲಿ ಮಾಡಿಕೊಂಡೆ. ಅವಳು ಕಣದಲ್ಲಿದ್ದ ಎಲ್ಲರ ಎದುರು ಸೇರನ್ನು ಬೋರಲು ಹಾಕಿ, ತಳಕ್ಕೆ ಎರಡು ಸಲ ತಟ್ಟಿ, ನನ್ನ ಕೈಯಲ್ಲಿಟ್ಟಳು.

ಸೋಮವಾರ ದಾಖಲೆ ಪುಸ್ತಕದಲ್ಲಿ ಕೊಳಗದ ಸಾಲಿನ ಮೇಲೆ ಅಳತೆಪಟ್ಟಿ ಇಟ್ಟು ಕೆಂಪು ಗೆರೆ ಎಳೆದೆ. ಪಕ್ಕದಲ್ಲಿ ಕಾರಣ ಬರೆದೆ: ನಮ್ಮದಲ್ಲ, ಕಾಯಲು ಕೊಟ್ಟದ್ದು, ಮನೆಯವರಿಗೆ ಮುಟ್ಟಿಸಲಾಗಿದೆ. ಓದಿ ಹೇಳದೆ ಹೆಬ್ಬೆಟ್ಟು ಪಡೆದದ್ದು ಸಹಾಯಕಿಯ ತಪ್ಪು ಎಂದೂ ಬರೆದೆ. ಸರ್ ಅದರ ಕೆಳಗೆ ಏನೂ ಸೇರಿಸದೆ ಸಹಿ ಹಾಕಿದರು. ಆಮೇಲೆ ಹೊಸ ಪುಟ ತೆಗೆದು, ಹೊಸ ನಂಬರಿನಲ್ಲಿ ಮರದ ಸೇರನ್ನು ಏರಿಸಿದೆ. ಕೊನೆಯ ಅಂಕಣಕ್ಕೆ ಬಂದಾಗ ಸೇರಿನೊಳಗೆ ಮತ್ತೊಮ್ಮೆ ಕೈ ಹಾಕಿ, ಬೆರಳಿಂದ ಸುತ್ತ ತಡವಿ ನೋಡಿದೆ. ನನ್ನ ಅತ್ಯಂತ ದುಂಡನೆಯ ಅಕ್ಷರದಲ್ಲಿ ಬರೆದೆ: "ಒಳಗೆ ಏನೂ ಇರಲಿಲ್ಲ."